ಕೊಡದೇ ಇಟ್ಟ ಟಿ.ಸಿ.

ಎಸ್ಟೇಟಿನ ಲೈನ್ ಮನೆಗಳಲ್ಲಿ ಸಾವಾದರೆ ಮೂರನೇ ದಿನ ಟೀಚರ್ ಬರುತ್ತಿದ್ದರು. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಕಂಕುಳಲ್ಲಿ ಹಾಜರಿ ಪುಸ್ತಕ. ಬಾಗಿಲು ತೆರೆದೇ ಇದ್ದರೂ ಕೊಡೆಯ ಹಿಡಿಯಿಂದ ಚೌಕಟ್ಟಿಗೆ ಎರಡು ಸಲ ಬಡಿಯುತ್ತಿದ್ದರು. ಕೂರುವ ಮೊದಲೇ ಕೇಳುತ್ತಿದ್ದದ್ದು ಒಂದೇ ಮಾತು: "ಓದೋ ಮಕ್ಕಳು ಎಷ್ಟು? ಎಷ್ಟನೇ ಕ್ಲಾಸು?"

ಹೆಂಗಸರಿಗೆ ಇದು ಹಿಡಿಸುತ್ತಿರಲಿಲ್ಲ. "ಮಣ್ಣು ಹಾಕಿ ಬಂದ ಕೈ ಇನ್ನೂ ಒಣಗಿಲ್ಲ, ಈಯಮ್ಮನ ಲೆಕ್ಕ ನೋಡು" ಅಂತ ಬೆನ್ನ ಹಿಂದೆ ಬೈಯುತ್ತಿದ್ದರು. ಆದರೆ ಆ ಪ್ರಶ್ನೆ ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಊಟಿ ಕಡೆಯ ಗುಡ್ಡಗಳಲ್ಲಿ, ಕೀಳ್ ಕೋತಗಿರಿಯ ಇಳಿಜಾರಿನಲ್ಲಿ ನಾವಿದ್ದ ಆ ಮನೆಗಳು ನಮ್ಮವಲ್ಲ, ಎಸ್ಟೇಟಿನವು. ಕೆಲಸಗಾರರ ಪಟ್ಟಿಯಲ್ಲಿ ಹೆಸರಿದ್ದರೆ ಮನೆ. ಹೆಸರಿದ್ದವರು ಸತ್ತರೆ ಮೂರು ತಿಂಗಳೊಳಗೆ ಆ ಮನೆಯಿಂದ ಇನ್ನೊಂದು ಹೆಸರು ಬರೆಸಬೇಕು. ಇಲ್ಲದಿದ್ದರೆ ಪಾತ್ರೆ ಪಗಡ ಹೊರಗೆ. ಆ ಇನ್ನೊಂದು ಹೆಸರು ಯಾವಾಗಲೂ ಯಾರದ್ದು? ಶಾಲೆಗೆ ಹೋಗುವ ದೊಡ್ಡ ಮಗುವಿನದು. ಓದಿದರೆ ಮನೆ ಇಲ್ಲ, ಮನೆ ಬೇಕಾದರೆ ಓದು ಇಲ್ಲ. ಟೀಚರ್ ಬರುತ್ತಿದ್ದದ್ದು ಆ ಮೂರು ತಿಂಗಳಿಗೆ. ಒಂದು ದಿನವನ್ನೂ ಅವರು ಅಳುವುದಕ್ಕೆ ಬಿಟ್ಟುಕೊಡುತ್ತಿರಲಿಲ್ಲ.

ಗುಬ್ಬಚ್ಚಿಯಷ್ಟು ಮನುಷ್ಯೆ, ಶಾಲೆಗೆ ಹೆಡ್‌ಮಿಸ್ಟ್ರೆಸ್ಸೂ ಅವರೇ. ಕೊರಳಲ್ಲಿ ಲಿಂಗದ ದಾರ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಮೇಲಿನ ಹಟ್ಟಿಯಿಂದ ಶಾಲೆಗೆ ಟೀ ತೋಟದ ನಡುವೆ ನಡೆದೇ ಬರುತ್ತಿದ್ದರು. ಮನೆಯಲ್ಲಿ ಅವರಿಗೂ ಒಂದಿಷ್ಟು ಟೀ ತೋಟ ಇತ್ತು, ತಮ್ಮ ನೋಡಿಕೊಳ್ಳುತ್ತಿದ್ದ. ಅವರ ಬಡಗ ಮಾತೂ ನಮ್ಮ ಚಾಮರಾಜನಗರ ಕಡೆಯ ಮಾತೂ ಅರ್ಧ ದಾರಿಯಲ್ಲಿ ಸೇರುತ್ತಿದ್ದವು. ಪಾಠ ತಮಿಳಿನಲ್ಲಿ, ಬೈಗುಳ ನಮ್ಮ ನಮ್ಮ ಮಾತಿನಲ್ಲಿ. ಬೈಗುಳ ಸರಿಯಾಗಿ ತಲುಪಬೇಕಲ್ಲ.

ಅವರ ಕೈ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ. ಮಕ್ಕಳಿಗೆ ಲೆಕ್ಕ ಕೊಟ್ಟು ಕೂತರೆ ಉಲ್ಲನ್ ಹೆಣೆಯುತ್ತಿದ್ದರು. ಊಟಿ ಮಾರ್ಕೆಟ್ಟಿನಲ್ಲಿ ಯಾರೋ ಮಾರಲಾಗದೆ ಬಿಟ್ಟ ಕಂದು ಬಣ್ಣದ ಉಲ್ಲನ್ ಮೂಟೆಯನ್ನೇ ತಂದಿಟ್ಟುಕೊಂಡಿದ್ದರು. ಅದರಿಂದ ಟೋಪಿಗಳು. ಎಲ್ಲಾ ಒಂದೇ ಬಣ್ಣ, ಒಂದೇ ಅಳತೆ. ಸಣ್ಣ ತಲೆಯವರಿಗೆ ಮೂಗಿನ ತನಕ ಬರುತ್ತಿತ್ತು, ದೊಡ್ಡ ತಲೆಯವರಿಗೆ ಕಿವಿ ಮುಚ್ಚುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, "ಟೋಪಿ ಸರಿಯಾಗೇ ಇದೆ ಕೂಸೇ, ನಿನ್ನ ತಲೆ ಇನ್ನೂ ಬೆಳೀಬೇಕು" ಅನ್ನುತ್ತಿದ್ದರು. ಬಸ್ ಸ್ಟಾಪಿನಲ್ಲಿ ಕಂದು ಟೋಪಿ ಕಂಡರೆ ಕಂಡಕ್ಟರ್ ಕೂಡ ಹೇಳುತ್ತಿದ್ದ, ಇದು ಟೀಚರ್ ಮಂದೆ ಅಂತ.

ನಾನು ಒಂಬತ್ತನೇ ಕ್ಲಾಸು ಮುಗಿಸಿದವನು. ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ. ಹದಿನೈದು ತುಂಬಿದಾಗಿನಿಂದ ನನ್ನ ಅನ್ನ ನಾನೇ ದುಡಿದಿದ್ದೇನೆ, ಯಾರ ಮನೆ ಬಾಗಿಲಲ್ಲೂ ಕೈ ಒಡ್ಡಿಲ್ಲ. ಆದರೆ ಆ ಕಥೆಯಲ್ಲಿ ನಾನು ಅಂದುಕೊಂಡಷ್ಟು ಜಾಣನಾಗಿರಲಿಲ್ಲ ಅನ್ನುವುದನ್ನೂ ಬರೆಯಬೇಕು. ಇಲ್ಲದಿದ್ದರೆ ಟೀಚರ್ ಚಿತ್ರ ಪೂರ್ತಿಯಾಗುವುದಿಲ್ಲ.

ಅಪ್ಪ ಮೊದಲೇ ಇಲ್ಲ. ಅವ್ವ ಎಲೆ ಕೀಳುತ್ತಿದ್ದಳು. ನಾನು ಹತ್ತನೇ ಕ್ಲಾಸಿಗೆ ಹೋದ ಜೂನಿನಲ್ಲಿ ಜ್ವರ ಬಂದು ಐದೇ ದಿನಕ್ಕೆ ಹೋದಳು. ತಂಗಿ ರತ್ನ ಆಗ ನಾಲ್ಕನೇ ಕ್ಲಾಸು. ಮೂರನೇ ದಿನ ಟೀಚರ್ ಬಂದು ಕೊಡೆಯಿಂದ ಚೌಕಟ್ಟಿಗೆ ಬಡಿಯುವ ಹೊತ್ತಿಗೆ ನಾನು ತೀರ್ಮಾನ ಮಾಡಿಯಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ, "ಟೀಚರ್, ನಂಗೆ ಟಿ.ಸಿ. ಬೇಕು. ವಯಸ್ಸಿಗೆ ಆಧಾರ ಕೇಳ್ತಾರೆ ಆಫೀಸಲ್ಲಿ. ನನ್ನ ಹೆಸರು ಬರಿಸ್ತೀನಿ."

"ಬರೆಸಿ?"

"ಮನೆ ಉಳೀತದೆ. ಇವಳು ಓದ್ತಾಳೆ."

"ನೀನು?"

"ನಂದು ಆಯ್ತು."

ಅವರು ಕೊಡೆ ತೆಗೆದುಕೊಂಡು ಹೋದರು. ಮಾರನೆಯ ದಿನ ಶಾಲೆಗೆ ಹೋದೆ. ನನ್ನೆದುರೇ ಟಿ.ಸಿ. ಪುಸ್ತಕ ತೆಗೆದರು, ಕನ್ನಡಕ ಹಾಕಿಕೊಂಡರು, ನಿಧಾನವಾಗಿ ಬರೆದರು, ಸಹಿ ಮಾಡಿದರು, ಸ್ಕೇಲ್ ಇಟ್ಟು ನೀಟಾಗಿ ಹರಿದರು. ನಾನು ಕೈ ಚಾಚಿದೆ. ಅವರು ಎದ್ದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಕೇಳಿದೆ, ಬರೆದಿದ್ದೀನಿ. ಕೊಡಲ್ಲ."

"ಯಾಕೆ ಟೀಚರ್?"

"ಕೂತ್ಕೋ. ಬೇರೆ ದಾರಿ ಇದೆ."

ಬೇರೆ ದಾರಿ ಅಂದರೆ ಚಿಕ್ಕಮಾದಮ್ಮ. ನಮ್ಮದೇ ಎಸ್ಟೇಟಿನಲ್ಲಿ ಎಲೆ ಕೀಳುತ್ತಿದ್ದ ಗಂಡ ಸತ್ತ ಹೆಂಗಸು. ಸೊಸೆ ಜೊತೆ ಜಗಳ ಆಗಿ ಅವರಿವರ ಜಗಲಿಯಲ್ಲಿ ಮಲಗುತ್ತಿದ್ದಳು. ಅವಳಿಗೆ ಮನೆ ಬೇಕು, ನಮಗೆ ಪಟ್ಟಿಯಲ್ಲಿ ಹೆಸರಿರುವ ದೊಡ್ಡವರು ಬೇಕು. ನಮ್ಮ ಮನೆಗೆ ಅವಳ ಹೆಸರು ಬರೆಸಿ, ಅವಳು ಬಂದಿರುವುದು, ನಾವಿಬ್ಬರೂ ಓದುವುದು. ಇದು ಟೀಚರ್ ಕಂಡುಕೊಂಡಿದ್ದ ಉಪಾಯ. ಪಟ್ಟಿ ಬರೆಯುವ ಎಸ್ಟೇಟ್ ರೈಟರ್ ಹತ್ತಿರ ಅದಾಗಲೇ ಮಾತಾಡಿಯೂ ಬಂದಿದ್ದರು.

ನನಗೆ ಮೈ ಉರಿದುಹೋಯಿತು. ನನ್ನ ಅವ್ವನ ಮನೆ ಬಾಗಿಲಿಗೆ ಬೇರೆಯವಳ ಹೆಸರು! ನಾವು ಅವಳ ಮನೆಯಲ್ಲಿ ಬಿದ್ದಿರುವ ಮಕ್ಕಳು! "ನಾವೇನು ಗತಿಗೆಟ್ಟೋರಾ ಟೀಚರ್? ನಂಗೆ ಕೈಕಾಲಿಲ್ವಾ?" ಅಂತ ಕೂಗಿದೆ. ವರಾಂಡದಲ್ಲಿ ಮಕ್ಕಳೆಲ್ಲ ನಿಂತು ನೋಡುತ್ತಿದ್ದರು.

"ಕೈಕಾಲು ಇದೆ. ಅದರ ಮೇಲೆ ಒಂದು ತಲೇನೂ ಇದೆ. ಅದಕ್ಕೇ ಹೇಳ್ತಿರೋದು."

"ನಿಮ್ಮ ಟಿ.ಸಿ. ನೀವೇ ಇಟ್ಕೊಳಿ" ಅಂದು ಬಂದುಬಿಟ್ಟೆ. ಎಸ್ಟೇಟಿನ ಡಾಕ್ಟರು ಹಲ್ಲು ನೋಡಿ, ಎತ್ತರ ಅಳೆದು, ಹದಿನೈದು ತುಂಬಿದೆ ಅಂತ ಬರೆದುಕೊಟ್ಟರು. ಮುಂದಿನ ಸೋಮವಾರ ಬೆಳಿಗ್ಗೆ ಮಸ್ಟರ್ ಮೈದಾನದಲ್ಲಿ ಹೆಸರು ಕೂಗಿದಾಗ ದೊಡ್ಡವರ ಸಾಲಿನಲ್ಲಿ ನಿಂತಿದ್ದೆ. ಎದೆ ಉಬ್ಬಿಸಿಕೊಂಡು.

ಚಿಕ್ಕಮಾದಮ್ಮನನ್ನು ಟೀಚರ್ ಬಿಡಲಿಲ್ಲ. ಕೆಳಗಿನ ಲೈನಿನಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡ ಮೂರು ಮಕ್ಕಳ ಮನೆಗೆ ಆಕೆಯನ್ನು ಸೇರಿಸಿದರು. ಆ ಮೂವರೂ ಓದಿದರು. ದಿನಾ ಬೆಳಿಗ್ಗೆ ಕಂದು ಟೋಪಿ ಹಾಕಿಕೊಂಡು ನನ್ನ ಮುಂದೆಯೇ ಹಾದು ಹೋಗುತ್ತಿದ್ದರು. ನಾನು ಆ ಕಡೆ ನೋಡುತ್ತಿರಲಿಲ್ಲ.

ಆ ವರ್ಷ ಪೂರ್ತಿ ಹಾಜರಿ ಪುಸ್ತಕದಿಂದ ನನ್ನ ಹೆಸರು ತೆಗೆಯಲಿಲ್ಲವಂತೆ. ದಿನಾ ಕೂಗುವುದು, ದಿನಾ ಕೆಂಪು ಇಂಕಿನಲ್ಲಿ ಗೈರು ಅಂತ ಹಾಕುವುದು. ತಪಾಸಣೆಗೆ ಬಂದ ಸಾಹೇಬರು, "ಇದ್ಯಾರಮ್ಮ, ಜೂನಿನಿಂದ ಮುಖವೇ ತೋರಿಸಿಲ್ಲ?" ಅಂದರೆ, "ಬರ್ತಾನೆ ಸಾರ್, ದಾರೀಲಿದ್ದಾನೆ" ಅಂದರಂತೆ. ಮುಂದಿನ ವರ್ಷ ಹೊಸ ಪುಸ್ತಕಕ್ಕೆ ಹೆಸರು ಹತ್ತಿಸಲು ಸಾಹೇಬರು ಬಿಡಲಿಲ್ಲ.

ಆಮೇಲಿನ ಆರು ವರ್ಷ ನಮ್ಮಿಬ್ಬರ ಮಾತು ಅಂದರೆ ದಾರಿಯಲ್ಲಿ ಎದುರಾದಾಗಿನ ಚುಚ್ಚುಮಾತು. ನಾನು ಮೂಟೆ ಹೊತ್ತು ಬರುತ್ತಿದ್ದರೆ ಅವರು ಕೊಡೆ ಊರಿ ದಾರಿ ಬಿಟ್ಟು ನಿಲ್ಲುತ್ತಿದ್ದರು.

"ಏನಪ್ಪಾ ದೊಡ್ಡ ಮನುಷ್ಯ, ಟಿ.ಸಿ. ಬೇಕಾ?"

"ಬೇಡ ಟೀಚರ್. ಬೀರುವಲ್ಲಿ ಜಿರಳೆ ತಿಂದಿರ್ತದೆ."

"ಇಲ್ಲ ಬಿಡು, ಉಲ್ಲನ್ ಜೊತೆ ಇಟ್ಟಿದ್ದೀನಿ. ನುಸಿಗುಳಿಗೆ ಹಾಕಿ."

ರತ್ನ ಆರನೇ ಕ್ಲಾಸಿನಿಂದ ಅವರದೇ ಶಾಲೆಗೆ ಹೋದಳು. ಒಂದು ದಿನವೂ ತಪ್ಪಿಸಲಿಲ್ಲ. ಅವಳ ಹಾಜರಿ ನೋಡಿದಾಗೆಲ್ಲ ನಾನೇ ಗೆದ್ದೆ ಅಂದುಕೊಳ್ಳುತ್ತಿದ್ದೆ. ಮನೆ ಉಳಿಸಿದವನು ನಾನು, ಅವಳು ಓದುತ್ತಿರುವುದು ನನ್ನ ಹೆಸರಿನ ಕೆಳಗೆ.

ಆ ಹೆಸರಿಗೆ ಎಷ್ಟು ಆಯುಸ್ಸು ಅಂತ ಗೊತ್ತಾದದ್ದು ಎಲೆ ಬೆಲೆ ಬಿದ್ದ ಕಾಲದಲ್ಲಿ. ಗುಡ್ಡದಲ್ಲೆಲ್ಲ ಫ್ಯಾಕ್ಟರಿಗಳು ನಿಂತುಹೋದವು. ನಮ್ಮ ಎಸ್ಟೇಟು ಕೈ ಬದಲಾಯಿತು. ಒಂದು ಬೆಳಿಗ್ಗೆ ಮಸ್ಟರ್ ಮೈದಾನದಲ್ಲಿ ಹೆಸರು ಕೂಗಲಿಲ್ಲ, ಹಲಗೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ಕೆಲಸ ಇಲ್ಲ, ಲೈನ್ ಮನೆಗಳನ್ನು ಖಾಲಿ ಮಾಡಿ. ಆಗ ಜನವರಿ. ರತ್ನ ಹತ್ತನೇ ಕ್ಲಾಸು. ಪರೀಕ್ಷೆ ಮಾರ್ಚಿ ಕೊನೆಗೆ.

ಜನ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೊರಟರು. "ನೀನೂ ಬಾರ್ಲಾ, ತಂಗೀನೂ ಕರ್ಕೊಂಬಾ, ಹೆಣ್ಮಕ್ಕಳಿಗೆ ಬೇಗ ಕೆಲಸ ಸಿಗ್ತದೆ" ಅಂದ ನಮ್ಮ ಕಂಗಾಣಿ, ಇಷ್ಟು ದಿನ ನಮ್ಮ ಗುಂಪಿಗೆ ಕೆಲಸ ಹಚ್ಚುತ್ತಿದ್ದವನು. ನಾನು ಹೋಗಲಿಲ್ಲ. ಗುಡ್ಡದಲ್ಲಿ ಉಳಿದಿದ್ದ ಕೆಲಸ ಒಂದೇ. ಅದನ್ನು ಹಿಡಿದೆ. ಖಾಲಿಯಾದ ಮನೆಗೆ ಮತ್ತೆ ಯಾರೂ ನುಗ್ಗಬಾರದು ಅಂತ ಅವತ್ತೇ ಮಾಡಿನ ತಗಡು ಬಿಚ್ಚುತ್ತಿದ್ದರು. ಆ ಬಿಚ್ಚುವ ಗುಂಪಿಗೆ ಸೇರಿದೆ. ಏಣಿ ಹಾಕಿ ಹತ್ತುವುದು, ಸ್ಪ್ಯಾನರ್‌ನಿಂದ ಕೊಕ್ಕೆ ಬೋಲ್ಟು ತಿರುಗಿಸುವುದು, ತಗಡು ಕೆಳಗಿಳಿಸುವುದು. ನಿನ್ನೆ ತನಕ ಕಾಫಿ ಕುಡಿದ ಮನೆಯೊಳಕ್ಕೆ ಮೇಲಿನಿಂದ ಬಿಸಿಲು ಬೀಳುವುದನ್ನು ನೋಡುವುದು. ನಾನು ಬಿಚ್ಚದಿದ್ದರೆ ಇನ್ನೊಬ್ಬ ಬಿಚ್ಚುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಒಂದೊಂದೇ ಲೈನು ಮುಗಿಸುತ್ತಾ ನಮ್ಮದರ ಕಡೆಗೇ ಬರುತ್ತಿದ್ದೆವು. ರತ್ನ ನನ್ನ ಜೊತೆ ಮಾತು ಬಿಟ್ಟಳು.

ಫೆಬ್ರವರಿಯಲ್ಲಿ ಉಳಿದದ್ದು ನಮ್ಮ ಲೈನು ಮಾತ್ರ. ಹತ್ತು ಮನೆ, ಒಂದೇ ಉದ್ದದ ಜಗಲಿ. ಪರೀಕ್ಷೆಗೆ ಕೂರುವ ಮಕ್ಕಳಿರುವ ಮನೆಯವರು ಅಲ್ಲಿ ಬಂದು ಸೇರಿಕೊಂಡಿದ್ದರು. ಹನ್ನೊಂದು ಮಕ್ಕಳು. ಬುಧವಾರ ಬೆಳಿಗ್ಗೆ ಸೂಪರ್‌ವೈಸರು ನಮ್ಮ ನಾಲ್ವರನ್ನು ಕರೆದುಕೊಂಡು ಅಲ್ಲಿಗೆ ಬಂದ. ಬಂದು ನೋಡಿದರೆ ಜಗಲಿಯಲ್ಲಿ ಕರಿಹಲಗೆ. ಹನ್ನೊಂದು ಕಂದು ಟೋಪಿ ಚಾಪೆಯ ಮೇಲೆ. ಎದುರಿಗೆ ಕುರ್ಚಿ, ಕುರ್ಚಿಯಲ್ಲಿ ಟೀಚರ್, ಮಡಿಲಲ್ಲಿ ಉಲ್ಲನ್.

"ಟೀಚರ್, ಇದೇನು ಇಲ್ಲಿ?" ಅಂದ ಸೂಪರ್‌ವೈಸರು.

"ಸ್ಪೆಷಲ್ ಕ್ಲಾಸು. ಪರೀಕ್ಷೆ ಮುಗಿಯೋ ತನಕ ಇಲ್ಲೇ."

"ಮೇಲಿಂದ ಆರ್ಡರ್ ಐತೆ ಟೀಚರ್. ಇವತ್ತು ಈ ಲೈನ್ ತಗಡು ಇಳೀಬೇಕು."

"ನಿನ್ನ ಕೆಲಸ ನೀನು ಮಾಡು. ನನ್ನ ಕೆಲಸ ನಾನು ಮಾಡ್ತೀನಿ. ಹಾಜರಿ ತಗೋಬೇಕು, ಸ್ವಲ್ಪ ಸದ್ದು ಮಾಡಬೇಡ."

ತುದಿ ಮನೆಯಿಂದ ಶುರು ಮಾಡು ಅಂತ ಅವನು ನನಗೆ ಕಣ್ಸನ್ನೆ ಮಾಡಿದ. ಏಣಿ ಇಟ್ಟು ಹತ್ತಿದೆ. ಮೊದಲ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿದೆ. ಅದು ನಮ್ಮದೇ ಮನೆ. ಆ ಬೋಲ್ಟನ್ನು ಮಳೆಗಾಲಕ್ಕೆ ಮುಂಚೆ ನಾನೇ ಬಿಗಿ ಮಾಡಿದ್ದೆ.

ಕೆಳಗೆ ಟೀಚರ್ ಹೆಸರು ಕೂಗತೊಡಗಿದರು. ನಮ್ಮ ಕಡೆ ಶಾಲೆಯಲ್ಲಿ ಹಾಜರಿಗೆ ತಮಿಳಿನಲ್ಲಿ 'ಉಳ್ಳೇನ್', ಅಂದರೆ ಇದ್ದೇನೆ, ಅನ್ನಬೇಕು. ಒಂದೊಂದೇ ಹೆಸರು, ಒಂದೊಂದೇ ಉಳ್ಳೇನ್. ರತ್ನಳ ದನಿ ಕೇಳಿತು. ಹನ್ನೊಂದೂ ಆಯಿತು. ಪುಸ್ತಕ ಮುಚ್ಚಿದ ಸದ್ದೂ ಕೇಳಿತು. ಆಮೇಲೆ ಪುಸ್ತಕವಿಲ್ಲದೆ ಇನ್ನೊಂದು ಹೆಸರು ಕೂಗಿದರು.

"ಎಂ. ಸಿದ್ದರಾಜು."

ನನ್ನ ಹೆಸರು. ಆರು ವರ್ಷದಿಂದ ಅದನ್ನು ಮಸ್ಟರ್ ಮೈದಾನದಲ್ಲಷ್ಟೇ ಕೇಳಿದ್ದೆ. ಮಕ್ಕಳು ಕಿಸಕ್ಕೆಂದರು.

"ಎಂ. ಸಿದ್ದರಾಜು! ಏಣಿ ಹತ್ತಿದ್ರೆ ಕಿವಿ ಕೆಳಗೆ ಬಿಟ್ಟು ಹೋಗ್ತಾರಾ?"

ಸ್ಪ್ಯಾನರ್ ಬೋಲ್ಟಿನ ಮೇಲೇ ಇತ್ತು. ಅರ್ಧ ಸುತ್ತು ತಿರುಗಿಸಿದ್ದೆ. ಅದನ್ನು ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿದೆ.

"ಉಳ್ಳೇನ್, ಟೀಚರ್."

ಇಳಿದು ಬಂದು ಸ್ಪ್ಯಾನರನ್ನು ಅವರ ಕುರ್ಚಿಯ ಪಕ್ಕ ಇಟ್ಟೆ. ಚಾಪೆಯ ತುದಿಯಲ್ಲಿ ಜಾಗ ಇತ್ತು. ನಾನು ಕೂರಲಿಲ್ಲ, ಪಕ್ಕದಲ್ಲಿ ನಿಂತೆ. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿ ಬೀಡಿ ಹಚ್ಚಿದರು. ಸೂಪರ್‌ವೈಸರು ಕೆಂಪಾದ.

"ಬೇರೆ ಆಳು ಕರ್ಕೊಂಡು ಬರ್ತೀನಿ ಟೀಚರ್."

"ಕರ್ಕೊಂಡು ಬಾ. ಅವರೂ ನನ್ನ ಹತ್ರಾನೇ ಓದಿರ್ತಾರೆ. ನೀನೂ ಎಂಟನೇ ಕ್ಲಾಸಲ್ಲಿ ಎರಡು ಸಲ ಕೂತೋನೇ. ಟೋಪಿ ಇನ್ನೂ ಇದೆಯಾ?"

ಮೂವರೂ ನಕ್ಕುಬಿಟ್ಟರು. ಅವನಿಗೂ ತಡೆಯಲಾಗಲಿಲ್ಲ. ಆದರೂ ಅವನ ಹೊಟ್ಟೆಪಾಡು ಅವನದು, ಅದು ನನಗೂ ಗೊತ್ತು. ಅವನನ್ನು ಪಕ್ಕಕ್ಕೆ ಕರೆದು ಮಾತು ಕೊಟ್ಟೆ: "ಅಣ್ಣಾ, ಪರೀಕ್ಷೆ ಮುಗಿದ ಮಾರನೇ ದಿನ ಈ ಲೈನು ಪೂರ್ತಿ ನಾನೊಬ್ಬನೇ ಬಿಚ್ಚಿ ಕೊಡ್ತೀನಿ. ಕೂಲಿ ಬೇಡ. ಅಲ್ಲೀ ತನಕ ಈ ಕಡೆ ಬರಬೇಡಿ." ಅವನು ಟೀಚರ್ ಕಡೆ ನೋಡಿದ. ಅವರು ಹೆಣೆಯುತ್ತಿದ್ದರು. ಆಫೀಸಿಗೆ ಹೋಗಿ ಏನು ಹೇಳಿದನೋ, ಅವತ್ತಿನಿಂದ ಪರೀಕ್ಷೆ ಮುಗಿಯುವ ತನಕ ಯಾರೂ ಬರಲಿಲ್ಲ. ಟೀಚರ್ ಮಾತ್ರ ದಿನಾ ಬಂದರು. ದಿನಾ ಹನ್ನೆರಡು ಹೆಸರು ಕೂಗಿದರು.

ಕೊನೆಯ ಪರೀಕ್ಷೆಯ ಮಾರನೇ ದಿನ ನಾನು ಏಣಿ ಹಾಕಿದೆ. ಮೂರು ದಿನ ಹಿಡಿಯಿತು. ನಮ್ಮ ಮನೆಯದನ್ನು ಕೊನೆಗೆ ಇಟ್ಟುಕೊಂಡೆ. ಕೂಲಿ ಬೇಡ ಅಂದಿದ್ದಕ್ಕೆ ಸೂಪರ್‌ವೈಸರು ಆಫೀಸಿನಲ್ಲಿ ಕೇಳಿ, ಸೊಟ್ಟಗಾದ ತಗಡುಗಳನ್ನು ನನಗೇ ಬಿಟ್ಟುಕೊಟ್ಟ. ಅವನ್ನು ಹೊತ್ತುಕೊಂಡು ನಾನೂ ರತ್ನಳೂ ಟೀಚರ್ ಹಟ್ಟಿಗೆ ಹೋದೆವು, ಅವರ ಎಲೆ ಶೆಡ್ಡಿನಲ್ಲಿ ಇರುವುದಕ್ಕೆ. ಬಿಟ್ಟಿ ಇರುವುದಿಲ್ಲ ಅಂತ ಮೊದಲೇ ಹೇಳಿದೆ. ಅವರ ತೋಟದ ಕವಾತು ಪೂರ್ತಿ ನಾನೇ ಮಾಡಿದೆ, ಒಂದು ಗಿಡ ಬಿಡದೆ ಕತ್ತರಿಸಿ ತಿದ್ದಿದೆ. ಟೀಚರ್ ಸಾಲುಗಳ ನಡುವೆ ಓಡಾಡಿ ನೋಡಿ, "ಗಿಡ ಚೆನ್ನಾಗಿ ಕತ್ತರಿಸ್ತೀಯ. ಮೂಗೂ ಕೊಂಚ ಕತ್ತರಿಸ್ಕೊಂಡಿದ್ರೆ ಆರು ವರ್ಷದ ಹಿಂದೇನೇ ಪಾಸಾಗ್ತಿದ್ದೆ" ಅಂದರು. ನನ್ನ ಕೋಪ ಯಾವಾಗಲೂ ಮೂಗಿನ ಮೇಲೆ ಅನ್ನುವುದು ಅವರ ದೂರು.

ಹನ್ನೊಂದರಲ್ಲಿ ಇಬ್ಬರು ಫೇಲಾದರು. ಅವರನ್ನೂ ಅದೇ ಶೆಡ್ಡಿಗೆ ಎಳೆದುಕೊಂಡು ಬಂದು ಮತ್ತೆ ಬರೆಸಿದರು. ರತ್ನ ಮುಂದೆ ಓದಿ ಈಗ ಇಲ್ಲೇ ಗುಡ್ಡದ ವೆಲ್ಲಿಂಗ್ಟನ್‌ನಲ್ಲಿ ಗುಮಾಸ್ತೆ. ನಾನು ತಗಡಿನ ಕೆಲಸವನ್ನೇ ಮುಂದುವರಿಸಿದೆ. ಬಿಚ್ಚುವುದಲ್ಲ, ಹಾಕುವುದು. ಕೋತಗಿರಿ ಸುತ್ತಿನಲ್ಲಿ ನಾನು ಹೊದಿಸಿದ ಮಾಡು ಸೋರುತ್ತದೆ ಅಂತ ಹೇಳುವವನು ಇದ್ದರೆ ಎದುರು ಬಂದು ಹೇಳಲಿ.

ಟೀಚರ್ ರಿಟೈರಾದ ದಿನ ಹೇಳಿ ಕಳಿಸಿದ್ದರು. ಹಾರಗಳೆಲ್ಲ ಮೇಜಿನ ಮೇಲೆ ಬಿದ್ದಿದ್ದವು. ಅವರು ಬೀರುವನ್ನು ಹೊಸಬರಿಗೆ ಒಪ್ಪಿಸುವ ಗಡಿಬಿಡಿಯಲ್ಲಿದ್ದರು. ಮಡಚಿದ ಕಾಗದವೊಂದನ್ನು ನನ್ನ ಕಡೆ ಚಾಚಿದರು.

"ತಗೋ. ನಾಳೆಯಿಂದ ನನಗೆ ಇಲ್ಲಿ ಬೀಗದ ಕೈ ಇಲ್ಲ. ಇನ್ನು ಕಾಯೋಕಾಗಲ್ಲ."

ಹದಿನೈದರಲ್ಲಿ ಅದಕ್ಕಾಗಿ ಇಡೀ ಶಾಲೆ ಕೇಳುವ ಹಾಗೆ ಕೂಗಾಡಿದವನು ನಾನು. ಕೈ ಮುಂದೆ ಹೋಗಲಿಲ್ಲ.

"ಬೇಡ ಟೀಚರ್. ನಿಮ್ಮ ಹತ್ರಾನೇ ಇರ್ಲಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ಕಾಗದವನ್ನು ಉಲ್ಲನ್ ಚೀಲಕ್ಕೆ ಹಾಕಿಕೊಂಡು, ಕೊಡೆ ತೆಗೆದುಕೊಂಡು, ಎಂದಿನ ಹಾಗೆ ನಡೆದೇ ಹಟ್ಟಿಗೆ ಹೋದರು.

ಹೋದ ತಿಂಗಳು ಟೀಚರ್ ತೀರಿಕೊಂಡರು. ಮಣ್ಣು ಮಾಡಿದ ಮೂರನೇ ದಿನ ನಾನು ಹಟ್ಟಿಗೆ ಹೋಗಿ ಚೌಕಟ್ಟಿಗೆ ಎರಡು ಸಲ ಬಡಿದೆ. ಆ ಮನೆಯಲ್ಲಿ ಕೇಳುವುದಕ್ಕೆ ಓದುವ ಮಕ್ಕಳು ಯಾರೂ ಇರಲಿಲ್ಲ. ಅವರ ತಮ್ಮನ ಹೆಂಡತಿ ಉಲ್ಲನ್ ಚೀಲ ತಂದುಕೊಟ್ಟಳು. "ನಿಮ್ಮ ಹೆಸರಿನ ಕಾಗದ ಇದೆ, ಅಕ್ಕ ಯಾರಿಗೂ ಮುಟ್ಟೋಕೆ ಬಿಟ್ಟಿರಲಿಲ್ಲ" ಅಂದಳು. ನುಸಿಗುಳಿಗೆಯ ವಾಸನೆ ಗಮ್ಮೆಂದಿತು.

ನನ್ನ ಮನೆಗೆ ರಸ್ತೆ ಕಡೆ ಬಾಗಿಲಿರುವ ಒಂದು ಕೋಣೆ ಇದೆ. ಆ ಸೊಟ್ಟ ತಗಡುಗಳನ್ನು ತಟ್ಟಿ ನೆಟ್ಟಗೆ ಮಾಡಿ ಅದಕ್ಕೆ ಹೊದಿಸಿದ್ದೇನೆ. ಪರೀಕ್ಷೆಯ ವರ್ಷ ಮನೆ ಕಳೆದುಕೊಂಡ ಮಕ್ಕಳು ಅಲ್ಲಿರುತ್ತಾರೆ. ಈ ಸಲ ಪಕ್ಕದ ಎಸ್ಟೇಟಿನ ಒಬ್ಬ ಹುಡುಗಿ ಇದ್ದಾಳೆ, ಅಜ್ಜಿಯ ಜೊತೆ. ಟಿ.ಸಿ.ಯ ಮಡಿಕೆ ಬಿಡಿಸಿ ಅಲ್ಲೇ ಗೋಡೆಗೆ ಹೊಡೆದೆ. ನಾನು ಅದನ್ನು ಓದಿರಲಿಲ್ಲ. ಓದಿದ್ದು ಆ ಹುಡುಗಿ, ಲೆಕ್ಕದ ನೋಟ್‌ಬುಕ್ ಕೈಯಲ್ಲಿ ಹಿಡಿದು ನಿಂತು.

"ಮಾಮಾ, ಇದರಲ್ಲಿ ಎರಡು ಕಡೆ ಬರೆದೇ ಇಲ್ಲ."

"ಎಲ್ಲಿ?"

"ಶಾಲೆ ಬಿಟ್ಟ ದಿನ, ಖಾಲಿ. ಶಾಲೆ ಬಿಡೋಕೆ ಕಾರಣ, ಅದೂ ಖಾಲಿ."

ಹತ್ತಿರ ಹೋಗಿ ನೋಡಿದೆ. ಹೆಸರು ಇದೆ, ಅಪ್ಪನ ಹೆಸರು ಇದೆ, ಹುಟ್ಟಿದ ದಿನ ಇದೆ, ಗುಂಡು ಗುಂಡಾಗಿ ಅವರ ಸಹಿ ಇದೆ. ಅಂದು ನನ್ನೆದುರು ಅಷ್ಟು ನಿಧಾನವಾಗಿ ಬರೆಯುತ್ತಾ ಆ ಎರಡು ಸಾಲನ್ನು ಅವರು ದಾಟಿ ಹೋಗಿದ್ದರು. ಬೀಗ ಹಾಕದೆ ಕೈಗೆ ಕೊಟ್ಟಿದ್ದರೂ ಅದು ಎಸ್ಟೇಟ್ ಆಫೀಸಿನಲ್ಲಿ ನಡೆಯುತ್ತಿರಲಿಲ್ಲ.

ಹುಡುಗಿ ಪೆನ್ನಿನ ಮುಚ್ಚಳ ತೆಗೆದಿದ್ದಳು. "ನಾನು ಬರೀಲಾ ಮಾಮಾ? ಏನಂತ ಬರೀಲಿ?"

"ಏನೂ ಬೇಡ," ಅಂದೆ. "ನೀನು ಕೂತು ನಿನ್ನ ಲೆಕ್ಕ ಮಾಡು."